ಹಾರವಿಲ್ಲದ ಸಾಹೇಬರು

ನಮ್ಮ ಮನೆಯಲ್ಲಿ ಗುರುವಾರದ ಸೇವೆ ಸಲ್ಲುವುದು ರಾಯರಿಗಲ್ಲ, ಒಬ್ಬ ಅಮೆರಿಕನ್ ರಾಜಕಾರಣಿಗೆ! ಅವರು ತೀರಿಕೊಂಡು ನೂರೈವತ್ತು ವರ್ಷದ ಮೇಲಾಯಿತು. ಇನ್ನು ಅವರು ಓಟು ಕೇಳಿಕೊಂಡು ನ್ಯೂಜೆರ್ಸಿಯ ನಮ್ಮ ಓಲ್ಡ್ ಬ್ರಿಡ್ಜ್‌ಗೆ ಬರುವ ಭಯವಂತೂ ಇಲ್ಲ. ಆದರೂ ಅವರ ದೆಸೆಯಿಂದ ನಾನು ಒಂದು ವರ್ಷದಿಂದ ಗುರುವಾರ ಮಧ್ಯಾಹ್ನ ಕಣ್ಣು ಮುಚ್ಚಿಲ್ಲ.

ಈ ಸೇವೆಯ ಪ್ರಧಾನ ಅರ್ಚಕರು ನನ್ನ ಗಂಡನ ಸೋದರತ್ತೆ. ಧಾರವಾಡದವರು. ಮನೆಯಲ್ಲಿ ಎಲ್ಲರೂ ಅವರನ್ನು ಅತ್ಯಾ ಎನ್ನುತ್ತೇವೆ. ಎಪ್ಪತ್ತಮೂರು ವಯಸ್ಸು, ನೆಟ್ಟಗಿನ ಬೆನ್ನು, ಇಳಕಲ್ ಸೀರೆ, ಅದರ ಕೆಳಗೆ ಬಿಳಿಯ ಸ್ನೀಕರ್ಸ್. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ, ಕೊನೆಗೆ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ವರನಿಗೂ ಅದೇ ಆಗಿರಬೇಕು ಎಂದು ನನ್ನ ಗಂಡ ಹೇಳುತ್ತಾರೆ, ಅತ್ಯಾ ಬೇರೆ ಕೋಣೆಯಲ್ಲಿದ್ದಾಗ ಮಾತ್ರ.

ನನ್ನ ಮಾವನವರು ತಂಗಿಗಾಗಿ ಹಾಕಿದ ಗ್ರೀನ್ ಕಾರ್ಡಿನ ಅರ್ಜಿ ಹದಿಮೂರು ವರ್ಷ ಸರದಿಯಲ್ಲಿ ನಿಂತಿತ್ತು. ಕೊನೆಗೊಮ್ಮೆ ಮಂಜೂರಾಗಿ ಅತ್ಯಾ ಬಂದಿಳಿದರು. ಅಣ್ಣ ತಂಗಿ ಒಂದು ಚಳಿಗಾಲ ಎದುರುಬದುರು ಕುಳಿತು ಚಹಾ ಕುಡಿದರು. ಮರುವರ್ಷ ಮಾವನವರು ಹೋಗಿಬಿಟ್ಟರು. ಯಾರನ್ನು ನೆಚ್ಚಿಕೊಂಡು ಬಂದಿದ್ದರೋ ಅವರೇ ಇಲ್ಲ. ಅತ್ಯಾ ನಮ್ಮ ಪಾಲಿಗೆ ಉಳಿದರು, ನಾವು ಅವರ ಪಾಲಿಗೆ.

ಆಮೇಲಿನ ಮೂರು ವರ್ಷ ಅವರು ನಮ್ಮ ಮನೆಯನ್ನೇ ಶಾಲೆ ಮಾಡಿಕೊಂಡರು. ಡಿಶ್‌ವಾಷರ್‌ನಲ್ಲಿ ತಟ್ಟೆಗಳು ಎತ್ತರದ ಪ್ರಕಾರ ಸಾಲಾಗಿ ನಿಂತವು. ನನ್ನ ಗಂಡ ಬೆಳಿಗ್ಗೆ ಆರೂ ಹತ್ತರ ಬಸ್ಸಿಗೆ ಮ್ಯಾನ್‌ಹಟನ್‌ಗೆ ಕಮ್ಯೂಟ್ ಮಾಡುವವರು, ತಪ್ಪಿಸಿಕೊಂಡರು. ಮಗಳಿಗೆ ಹೋಬೋಕನ್‌ನಲ್ಲಿ ಕೆಲಸ, ವಾಸವೂ ಅಲ್ಲೇ, ಅವಳೂ ತಪ್ಪಿಸಿಕೊಂಡಳು. ಇಡೀ ಶಾಲೆಗೆ ಉಳಿದ ವಿದ್ಯಾರ್ಥಿನಿ ನಾನೊಬ್ಬಳೇ. ಇದು ನನ್ನ ಐವತ್ತೊಂದನೆಯ ವಯಸ್ಸಿನ ಕಥೆ. ನಾನು ಮೈಸೂರಿನವಳು, ಒಗ್ಗರಣೆಗೆ ಸಾಸಿವೆ ಮೊದಲೋ ಜೀರಿಗೆ ಮೊದಲೋ ಎಂಬುದಕ್ಕೂ ನನಗೆ ಕೆಂಪು ಶಾಯಿಯ ಗುರುತು ಬೀಳುತ್ತಿತ್ತು.

ಹೀಗಿರುವಾಗ, ನಮ್ಮಿಂದ ಮೂವತ್ತೈದು ನಿಮಿಷ ದೂರದ ಒಂದು ಕಾಲೇಜಿನ ಮ್ಯೂಸಿಯಂನವರು ಹಿರಿಯ ನಾಗರಿಕರು ಸ್ವಯಂಸೇವಕರಾಗಿ ಬೇಕೆಂದು ಲೈಬ್ರರಿಯಲ್ಲಿ ಚೀಟಿ ಅಂಟಿಸಿದ್ದರು. ಕೆಲಸ ದೊಡ್ಡದೇನಲ್ಲ. ವಾರಕ್ಕೊಂದು ಮಧ್ಯಾಹ್ನ ಒಂದು ಹಾಲಿನಲ್ಲಿ ಕುಳಿತು, ಬಂದವರಿಗೆ ನಮಸ್ಕಾರ ಹೇಳಿ, ಚಿತ್ರಗಳನ್ನು ಮುಟ್ಟಬೇಡಿ ಎನ್ನುವುದು. ಮುಟ್ಟಬೇಡಿ ಎನ್ನುವ ಕೆಲಸಕ್ಕೆ ಅತ್ಯಾಗಿಂತ ಅರ್ಹರು ಈ ಪೂರ್ವ ಕರಾವಳಿಯಲ್ಲಿ ಯಾರಿದ್ದಾರೆ? ನಾನೇ ಫಾರಂ ತುಂಬಿದೆ. ಹೌದು, ನಾನೇ. ಯಾರನ್ನೂ ದೂರುವ ಹಾಗಿಲ್ಲ.

ಅವರಿಗೊಂದು ಬ್ಯಾಜ್ ಕೊಟ್ಟರು. ನೀಲಿ ರಿಬ್ಬನ್ನಿಗೆ ಕಟ್ಟಿದ ಬಿಳಿಯ ಪ್ಲಾಸ್ಟಿಕ್, ಅದರ ಮೇಲೆ ಅವರ ಪೂರ್ತಿ ಹೆಸರು. ಆ ದಿನ ವಾಪಸ್ ಬರುವಾಗ ಕಾರಿನಲ್ಲಿ ಅತ್ಯಾ ಅದನ್ನು ಬೆರಳಿನಿಂದ ಮೂರು ಸಲ ಒರೆಸಿದರು. ಈ ದೇಶಕ್ಕೆ ಬಂದ ಮೇಲೆ ಅವರು ನಮಗೆ ಅತ್ಯಾ, ಮಗಳಿಗೆ ಅಜ್ಜಿ, ದೇವಸ್ಥಾನದಲ್ಲಿ ಆಂಟಿ, ಆಸ್ಪತ್ರೆಯ ಫಾರಮ್ಮುಗಳಲ್ಲಿ ಅವಲಂಬಿತರು. ಹೆಸರು ಹಿಡಿದು ಕರೆದದ್ದು ಆ ಮ್ಯೂಸಿಯಂ ಒಂದೇ. ಅಲ್ಲಿಂದ ಮುಂದೆ ಅವರು ಬ್ಯಾಜನ್ನು ಕೊತ್ತಂಬರಿ ಸೊಪ್ಪು ತರಲು ಹೋಗುವಾಗಲೂ ಹಾಕಿಕೊಳ್ಳತೊಡಗಿದರು. ಇಂಡಿಯನ್ ಅಂಗಡಿಯಲ್ಲಿ ಅವರನ್ನು ಇನ್ಸ್‌ಪೆಕ್ಟರ್ ಎಂದು ತಿಳಿದು ಹಳೆಯ ಬೆಂಡೆಕಾಯಿಯನ್ನು ಒಳಗೆ ಸಾಗಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆ ಹಾಲಿನ ಗೋಡೆಯ ನಟ್ಟನಡುವೆ ನಮ್ಮ ಗುರುವಾರದ ರಾಜಕಾರಣಿ ಸಾಹೇಬರು ತೂಗುಹಾಕಿಕೊಂಡಿದ್ದಾರೆ. ಆಳೆತ್ತರದ ಎಣ್ಣೆಬಣ್ಣದ ಚಿತ್ರ, ಹತ್ತೊಂಬತ್ತನೆಯ ಶತಮಾನದ್ದು. ಕಪ್ಪು ಕೋಟು, ಗಲ್ಲದವರೆಗೆ ಏರಿದ ಬಿಳಿಯ ಕಾಲರು, ಹಿಂದೆ ಒಂದು ಕಂಬ, ಪಕ್ಕಕ್ಕೆ ಸರಿಸಿದ ಕೆಂಪು ಪರದೆ. ಬಲಗೈ ಸುರುಳಿ ಸುತ್ತಿದ ಒಂದು ಕಾಗದದ ಮೇಲಿದೆ. ಮುಖದಲ್ಲಿ, ಈಗಷ್ಟೇ ಎರಡು ಗಂಟೆ ಭಾಷಣ ಮಾಡಿ ಮುಗಿಸಿದ, ಇನ್ನೂ ಎರಡು ಗಂಟೆ ಮಾಡಬಲ್ಲ ಕಳೆ. ದೊಡ್ಡ ಮುತ್ಸದ್ದಿಯಂತೆ. ಅವರನ್ನು ನೋಡಲೆಂದೇ ಬಂದವರನ್ನು ನಾನು ಕಂಡಿಲ್ಲ. ಎಲ್ಲರೂ ಶೌಚಾಲಯ ಹುಡುಕಿಕೊಂಡು ಅವರ ಮುಂದೆ ಹಾದುಹೋಗುವವರೇ.

ಮೊದಲ ವಾರವೇ ಅತ್ಯಾಗೆ ಅವರ ಆರೋಗ್ಯದ ಚಿಂತೆ ಹತ್ತಿತು. ಮುಖ ಅರಿಶಿನ, ಕಣ್ಣಿನ ಬಿಳಿ ಅರಿಶಿನ, ಉಗುರೂ ಅರಿಶಿನ. ಕಾಮಾಲೆ ಎಂದು ತೀರ್ಮಾನಿಸಿ, ಬಂದ ನಾಲ್ಕಾರು ಜನರಿಗೆ ಸಾಹೇಬರು ಕಾಮಾಲೆಯಿಂದ ತೀರಿಕೊಂಡರೆಂದು ಹೇಳಿಯೂಬಿಟ್ಟರು. ಚಿತ್ರದ ಮೇಲೆ ಬಳಿದ ವಾರ್ನಿಷ್ ಹಳತಾದರೆ ಹೀಗೆ ಹಳದಿಗಟ್ಟುತ್ತದೆ ಎಂದು ಯಾರೋ ಪ್ರೊಫೆಸರು ಮೃದುವಾಗಿ ತಿಳಿಸಿದರಂತೆ. ಅತ್ಯಾ ಒಪ್ಪಿಕೊಂಡರು, ಆದರೆ ಪಥ್ಯದ ವಿಷಯದಲ್ಲಿ ಸಾಹೇಬರ ಮನೆಯವರು ಅಲಕ್ಷ್ಯ ಮಾಡಿದ್ದಾರೆಂಬ ಅನುಮಾನ ಅವರಿಗೆ ಇವತ್ತಿಗೂ ಪೂರ್ತಿ ಹೋಗಿಲ್ಲ.

ಎರಡನೆಯದು ಕುರ್ಚಿಯ ಪ್ರಕರಣ. ಸ್ವಯಂಸೇವಕರ ಕುರ್ಚಿ ಬಾಗಿಲ ಕಡೆಗೆ ಮುಖ ಮಾಡಿತ್ತು, ಅಂದರೆ ಸಾಹೇಬರಿಗೆ ಬೆನ್ನು. ಹಿರಿಯರಿಗೆ ಬೆನ್ನು ಹಾಕಿ ಕೂರುವುದುಂಟೆ? ಅತ್ಯಾ ಕುರ್ಚಿ ತಿರುಗಿಸಿಕೊಂಡರು. ಹೀಗಾಗಿ ಒಳಗೆ ಬಂದವರಿಗೆ ಕಾಣುತ್ತಿದ್ದದ್ದು ಏನು? ಖಾಲಿ ಹಾಲು, ಗೋಡೆಯ ಮೇಲೆ ಒಬ್ಬ ಗಂಡಸು, ಅವನನ್ನೇ ದಿಟ್ಟಿಸುತ್ತ ಅಲುಗಾಡದೆ ಕುಳಿತ ಸೀರೆಯ ಹೆಂಗಸು. ಹುಡುಗ ಹುಡುಗಿಯರು ಅದನ್ನು ಆಧುನಿಕ ಕಲಾಕೃತಿ ಎಂದುಕೊಂಡರು. ಒಬ್ಬಳು ಅತ್ಯಾಳ ಸುತ್ತ ಪ್ರದಕ್ಷಿಣೆ ಹಾಕಿ, ಸಂದರ್ಶಕರ ಪುಸ್ತಕದಲ್ಲಿ ವಲಸೆಯ ಮೌನವನ್ನು ಹೇಳುವ ಆ ಕೃತಿ ತನ್ನ ಮನ ಕಲಕಿತೆಂದು ಬರೆದು ಹೋದಳು. ಕೃತಿ ಮಧ್ಯದಲ್ಲಿ ಕೆಮ್ಮಿತೆಂಬ ಆಕ್ಷೇಪಣೆಯೂ ಇತ್ತು.

ಅದಕ್ಕೆ ಮೊದಲನೆಯ ಎಚ್ಚರಿಕೆಯ ಇಮೇಲ್ ಬಂತು. ತುರ್ತಿಗೆ ಸಂಪರ್ಕಿಸಬೇಕಾದವರ ಜಾಗದಲ್ಲಿ ನನ್ನ ವಿಳಾಸ ಕೊಟ್ಟಿದ್ದರಿಂದ ಇಂಥವೆಲ್ಲ ನನಗೇ ಬರುತ್ತವೆ. ಬರೆದವರು ಸ್ವಯಂಸೇವಕರ ಮೇಲ್ವಿಚಾರಕಿ, ಕನ್ನಡಕಕ್ಕೆ ಮಣಿಸರ ಕಟ್ಟಿಕೊಂಡ ಸಾಧು ಹೆಂಗಸು. ತುಂಬ ವಿನಯದ ಪತ್ರ. ಇಂಥ ಮೂರು ಪತ್ರಗಳಾದರೆ ನಿಯಮದ ಪ್ರಕಾರ ಬ್ಯಾಜನ್ನು ಹಿಂದಿರುಗಿಸಬೇಕಾಗುತ್ತದೆ ಎಂಬುದೂ ಅಷ್ಟೇ ವಿನಯದಿಂದ ಕೊನೆಯ ಸಾಲಿನಲ್ಲಿತ್ತು. ಓದಿ ಹೇಳಿದೆ. ಅಂದು ರಾತ್ರಿಯ ಊಟಕ್ಕೂ ಬ್ಯಾಜು ಅತ್ಯಾಳ ಕೊರಳಲ್ಲಿತ್ತು.

ಎರಡನೆಯ ಪತ್ರ ಬರಲು ಕಾರಣ, ಶೌಚಾಲಯಕ್ಕೆ ಹೋಗುವ ಮಕ್ಕಳನ್ನು ಅತ್ಯಾ ತಡೆದು ನಿಲ್ಲಿಸಿ, ಇವರು ಯಾರು ಹೇಳಿ ಎಂದು ಕೇಳುತ್ತಿದ್ದದ್ದು. ಗೊತ್ತಿಲ್ಲ ಎಂದವರಿಗೆ ಪಕ್ಕದ ಫಲಕ ಓದಿ ಬರುವ ಶಿಕ್ಷೆ. ತುರ್ತಿನಲ್ಲಿದ್ದವರಿಗೂ ವಿನಾಯಿತಿ ಇರಲಿಲ್ಲ. ಇದನ್ನು ಮಗಳಿಗೆ ಫೋನಿನಲ್ಲಿ ಹೇಳಿದರೆ, "ಅಮ್ಮಾ, ಶೀ ಈಸ್ ಗಿವಿಂಗ್ ದೆಮ್ ಹೋಮ್‌ವರ್ಕ್?" ಎಂದು ನಕ್ಕು ಉರುಳಾಡಿದಳು. ನಗುವುದಕ್ಕೇನು, ಹೋಬೋಕನ್‌ನಿಂದ ಯಾರು ಬೇಕಾದರೂ ನಗಬಹುದು.

ಈಗ ನನ್ನ ಗುರುವಾರದ ವಿವರ ಕೇಳಿ. ನಾನು ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ರಿಸೆಪ್ಷನ್ ಮೇಜಿನಲ್ಲಿ ಕೆಲಸ ಮಾಡುತ್ತೇನೆ. ಶನಿವಾರ ಕ್ಲಿನಿಕ್ ಇರುವುದರಿಂದ ಗುರುವಾರ ರಜ. ಹನ್ನೊಂದೂವರೆಗೆ ಅತ್ಯಾಗೆ ಮೊಸರನ್ನದ ಡಬ್ಬಿ, ಹನ್ನೆರಡಕ್ಕೆ ಕಾರು. ಅವರು ಒಳಗಿರುವುದು ಮೂರು ಗಂಟೆ. ಮನೆಗೆ ಬಂದು ಹೋಗೋಣವೆಂದರೆ ಪೆಟ್ರೋಲು ದಂಡ. ಅಲ್ಲೇ ಇರೋಣವೆಂದರೆ ಪಾರ್ಕಿಂಗ್ ಎರಡೇ ಗಂಟೆ. ನಡುವೆ ಒಮ್ಮೆ ಎದ್ದು ಕಾರನ್ನು ರಸ್ತೆಯ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಹಾಕಬೇಕು. ಕಾರಿನ ಹಿಂದಿನ ಸೀಟಿನಲ್ಲಿ ನಾನು ಒಗೆದ ಬಟ್ಟೆಯ ಬುಟ್ಟಿ ಇಟ್ಟುಕೊಂಡಿರುತ್ತೇನೆ. ನ್ಯೂಜೆರ್ಸಿಯಲ್ಲಿ ಕಾಲೇಜಿನ ಎದುರು ಕಾರಿನಲ್ಲಿ ಕುಳಿತು ಗಂಡನ ಬನಿಯನ್ನು ಮಡಿಸುವ ಹೆಂಗಸನ್ನು ಯಾರಾದರೂ ಕಂಡಿದ್ದರೆ, ಅದು ನಾನೇ. ನಿದ್ದೆ ತೂಗಿ ಬರುವ ಹೊತ್ತಿಗೆ ಸರಿಯಾಗಿ ಕಾರು ಸರಿಸುವ ಗಳಿಗೆ ಬಂದಿರುತ್ತದೆ.

ಸೆಪ್ಟೆಂಬರಿನಲ್ಲಿ ಕೂದಲಿಗೆ ನೇರಳೆ ಬಣ್ಣ ಹಾಕಿಸಿದ್ದ ಒಬ್ಬ ವಿದ್ಯಾರ್ಥಿನಿ ಅತ್ಯಾಗೆ ಒಂದು ವಿಷಯ ತಿಳಿಸಿದಳು. ಸಾಹೇಬರು ಸ್ವಾತಂತ್ರ್ಯದ ಬಗ್ಗೆ ಅಷ್ಟೆಲ್ಲ ಭಾಷಣ ಮಾಡಿದವರು, ತಪ್ಪಿಸಿಕೊಂಡ ಗುಲಾಮರನ್ನು ಹಿಡಿದು ಒಡೆಯರಿಗೆ ಒಪ್ಪಿಸುವ ಕಾನೂನಿಗೂ ಕೈ ಎತ್ತಿದವರಂತೆ. ಅತ್ಯಾ ಮನೆಗೆ ಬಂದು ಸೀರೆಯನ್ನೂ ಬದಲಿಸದೆ ಕುಳಿತರು. ಮರುದಿನ ಲೈಬ್ರರಿಯಿಂದ ಎರಡು ದಪ್ಪ ಪುಸ್ತಕ ತರಿಸಿದರು. ತಿಂಗಳ ಕಾಲ ಭೂತಗನ್ನಡಿ ಹಿಡಿದು ಓದಿದರು. ಸಾಹೇಬರ ಒಳ್ಳೆಯ ಕೆಲಸ ಎಡಗಡೆ, ಕೆಟ್ಟ ಕೆಲಸ ಬಲಗಡೆ, ನೋಟುಬುಕ್ಕಿನ ನಡುವೆ ಗೆರೆ. ಕೊನೆಗೆ ನೂರಕ್ಕೆ ಮೂವತ್ತೆಂಟು ಅಂಕ ಕೊಟ್ಟರು.

ಮೂವತ್ತೈದಕ್ಕೆ ಪಾಸು. ಅಂದರೆ ಸಾಹೇಬರು ಮೂರು ಅಂಕದಲ್ಲಿ ಬಚಾವು. ನಾನು ಸಮಾಧಾನದ ಉಸಿರು ಬಿಟ್ಟೆ. ಈ ಅಂಕ ಯಾವುದಕ್ಕೆ ಬೇಕಾಗಿತ್ತು ಎಂಬುದು ಆಗ ನನಗೆ ಹೊಳೆದಿದ್ದರೆ!

ಧಾರವಾಡದ ಅವರ ಶಾಲೆಯಲ್ಲಿ ವರ್ಷವಿಡೀ ಜಯಂತಿಗಳು. ಪ್ರತಿ ಜಯಂತಿಗೂ ಆಫೀಸಿನ ಗೋಡೆಯಿಂದ ಆಯಾ ನಾಯಕರ ಭಾವಚಿತ್ರವನ್ನು ಇಳಿಸಿ, ಕುರ್ಚಿಯ ಮೇಲೆ ಕೂರಿಸಿ, ಗಾಜಿಗೆ ಕುಂಕುಮ ಹಚ್ಚಿ, ಹಾರ ಹಾಕಿ, ಬಾಳೆಹಣ್ಣಿಗೆ ಎರಡು ಊದಿನಕಡ್ಡಿ ಚುಚ್ಚಿ, ಒಂದು ಭಾಷಣ, ಆಮೇಲೆ ಮಕ್ಕಳಿಗೆ ಪೆಪ್ಪರ್‌ಮೆಂಟು. ಇದನ್ನು ನೀವು ಭಕ್ತಿ ಎಂದುಕೊಂಡರೆ ಅತ್ಯಾಗೆ ಸಿಟ್ಟು ಬರುತ್ತದೆ. ಇದು ಶಾಲೆಯ ಶಿಸ್ತು, ಗಂಟೆ ಹೊಡೆದ ಹಾಗೆ. ಇಂಥ ದೊಡ್ಡ ಕಾಲೇಜು ತಾನೇ ಗೋಡೆಗೆ ಹಾಕಿಕೊಂಡ ಮನುಷ್ಯನ ಜಯಂತಿ ಆಚರಿಸುವುದಿಲ್ಲ ಎಂಬುದು ಅವರ ತಲೆಗೆ ಹೋಗಲೇ ಇಲ್ಲ. ಯಾರೋ ಮರೆತಿದ್ದಾರೆ ಎಂದುಕೊಂಡರು.

ಸಾಹೇಬರ ಜನ್ಮದಿನ ಅಕ್ಟೋಬರಿನ ಒಂದು ಗುರುವಾರವೇ ಬಿದ್ದದ್ದು ನನ್ನ ಗ್ರಹಚಾರ. ಅಕ್ಟೋಬರಿನಲ್ಲಿ ಇಲ್ಲಿ ಎಲ್ಲರ ಮನೆಯ ಮೆಟ್ಟಿಲ ಮೇಲೂ ಕುಂಬಳಕಾಯಿ, ಪಕ್ಕದಲ್ಲಿ ಸೇವಂತಿಗೆಯ ಕುಂಡ. ನಮ್ಮ ಕುಂಡದಿಂದ ಅತ್ಯಾ ಒಂದು ಹಳದಿ ಸೇವಂತಿಗೆ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೊಸರನ್ನದ ಡಬ್ಬಿಯ ಮೇಲಿನ ಅರೆಯಲ್ಲಿಟ್ಟುಕೊಂಡರು. ಪೂರ್ತಿ ಹಾರಕ್ಕೆ ಅರವತ್ತು ಅಂಕವಾದರೂ ಬೇಕು. ಮೂವತ್ತೆಂಟಕ್ಕೆ ಒಂದೇ ಹೂವು.

ಕಾರು ಸರಿಸುತ್ತಿದ್ದೆ, ಮ್ಯೂಸಿಯಂನಿಂದ ಫೋನ್ ಬಂತು. ಒಳಗೆ ಹೋದರೆ ಹಾಲಿಗೆ ಹಗ್ಗ ಕಟ್ಟಿದ್ದಾರೆ, ಸಾಹೇಬರ ಮೇಲೆ ಇಬ್ಬರು ಟಾರ್ಚು ಬಿಟ್ಟು ನೋಡುತ್ತಿದ್ದಾರೆ. ಅತ್ಯಾ ಹೂವನ್ನು ಚೌಕಟ್ಟಿನ ಕೆಳಗಿನ ಬಂಗಾರದ ಅಂಚಿನ ಮೇಲಿಟ್ಟಿದ್ದರು. ಅಲಾರಂ ಕೂಗಿಕೊಂಡಿತ್ತು. ಅಷ್ಟೇ ಆಗಿದ್ದರೆ ಹೇಗೋ ಮುಗಿಯುತ್ತಿತ್ತು. ಹೂವಿನೊಳಗಿಂದ ಎಳ್ಳುಕಾಳಿನಷ್ಟು ಒಂದು ಹುಳ ಹೊರಬಂದು ಸಾಹೇಬರ ಬೂಟಿನ ಮೇಲೆ ಹತ್ತಿತ್ತು. ಮ್ಯೂಸಿಯಂನವರಿಗೆ ಬೆಂಕಿ ಬಿಟ್ಟರೆ ಹುಳದ ಭಯವಂತೆ. ಕ್ಯಾನ್ವಾಸು, ಮರ, ಅಂಟು, ಎಲ್ಲವನ್ನೂ ತಿನ್ನುವ ಜಾತಿಗಳಿವೆ. ಅದಕ್ಕೇ ಅಲ್ಲಿ ಹೂವು ನಿಷಿದ್ಧ. ಎರಡು ದಿನ ಆ ಹಾಲು ಮುಚ್ಚಿತು.

ಕುಂಕುಮ ಹಚ್ಚಿಲ್ಲ ತಾನೇ ಎಂದು ನಾನು ಕೇಳಿದೆ.

"ಗಾಜ ಇಲ್ಲದ ಫೋಟೋಕ ಕುಂಕುಮ ಹಚ್ಚತಾರೇನು? ಅಷ್ಟೂ ತಿಳೀದೇನ ನನಗ?" ಎಂದರು ಅತ್ಯಾ.

ಮೂರನೆಯ ಪತ್ರ ಬಂತು. ಮುಂದಿನ ಗುರುವಾರ ಇಬ್ಬರೂ ಬಂದು ಕಾಣಬೇಕು. ಅದನ್ನು ಓದಿದಾಗ ನನಗೆ ಏನಾಯಿತು ಎಂದು ಇಲ್ಲಿ ಬರೆಯುವುದಕ್ಕೆ ನಾಚಿಕೆ, ಆದರೂ ಬರೆಯುತ್ತೇನೆ. ನನಗೆ ಮಧ್ಯಾಹ್ನದ ಮಂಚ ಕಾಣಿಸಿತು. ಊಟ ಮುಗಿಸಿ, ಪರದೆ ಎಳೆದು, ಕಾಲ ಮೇಲೊಂದು ತೆಳು ಹೊದಿಕೆ. ಪಾರ್ಕಿಂಗ್ ಇಲ್ಲ, ಬನಿಯನ್ನಿಲ್ಲ. ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ ಅಡುಗೆಮನೆಯಲ್ಲಿ ನಿಂತಲ್ಲೇ ಒಂದು ಆಕಳಿಕೆ ಬಂತು. ಅತ್ಯಾ ಅದೇ ವಾರ ಎರಡು ಸಲ ಬ್ಯಾಜಿನ ರಿಬ್ಬನ್ನನ್ನು ಸೋಪು ನೀರಿನಲ್ಲಿ ಒಗೆದು ಒಣಗಹಾಕಿದರು. ವಾಪಸ್ ಕೊಡುವ ವಸ್ತು ಸ್ವಚ್ಛ ಇರಬೇಕಲ್ಲ.

ಮೇಲ್ವಿಚಾರಕಿಯ ಕೋಣೆ ಸಣ್ಣದು, ಮೂರು ಕುರ್ಚಿ. ಆಕೆ ಬಾಯಿ ತೆರೆಯುವ ಮೊದಲೇ ಅತ್ಯಾ ಬ್ಯಾಜು ತೆಗೆದು, ರಿಬ್ಬನ್ ಅಚ್ಚುಕಟ್ಟಾಗಿ ಸುತ್ತಿ, ಹೆಸರು ಮೇಲೆ ಬರುವಂತೆ ಮೇಜಿನ ಮೇಲಿಟ್ಟರು. ಚಿತ್ರಕ್ಕೆ ಏನೂ ಆಗಿಲ್ಲ, ಹುಳ ನಿರಪಾಯಿ, ಆದರೆ ಮೂರು ಪತ್ರಗಳಾದವು ಎಂದು ಆಕೆ ಮೇಜಿಗೇ ಹೇಳಿದರು. ಆಮೇಲೆ ಕನ್ನಡಕ ತೆಗೆದು, ಯಾಕೆ ಹಾಗೆ ಮಾಡಿದಿರಿ ಎಂದು ತಿಳಿಯಬಹುದೇ ಎಂದು ಕೇಳಿದರು.

ಅತ್ಯಾಳ ಇಂಗ್ಲಿಷು ಸ್ಕೂಲಿನ ವರದಿಯ ಇಂಗ್ಲಿಷು, ನೇರ. ಮೊದಲು ಜಯಂತಿ ಎಂದರೇನು ಎಂದು ಹೇಳಿದರು. ಹೂವು ತಂದದ್ದು ತಪ್ಪು ಎಂದು ಒಪ್ಪಿದರು. ಆಮೇಲೆ ಹೇಳಿದ್ದು ಕನ್ನಡದಲ್ಲಿ ಇಷ್ಟಾಗುತ್ತದೆ: "ನೀವು ಅವರನ್ನು ತುಂಬ ಚೆನ್ನಾಗಿ ನೋಡಿಕೊಳ್ಳುತ್ತಿದ್ದೀರಿ, ಮೇಡಂ. ಬಿಸಿಲು ಬೀಳದ ಹಾಗೆ, ಚಳಿಯಾಗದ ಹಾಗೆ, ಧೂಳು ಕೂರದ ಹಾಗೆ. ಅದರಲ್ಲಿ ಒಂದು ಕೊರತೆ ಇಲ್ಲ. ಆದರೆ ಒಂದು ವರ್ಷದಿಂದ ನೋಡಿದ್ದೇನೆ, ಯಾರೂ ಅವರ ಹೆಸರು ಹೇಳುವುದಿಲ್ಲ."

ನಾನು ನನ್ನ ಕೈಚೀಲದ ಜಿಪ್ಪನ್ನು ನೋಡುತ್ತ ಕುಳಿತೆ. ನಮ್ಮ ಮನೆಯಲ್ಲಿ ಅತ್ಯಾಳ ಕೋಣೆಗೆ ಪ್ರತ್ಯೇಕ ಹೀಟರ್ ಇದೆ. ಹೊತ್ತು ಹೊತ್ತಿಗೆ ಮಾತ್ರೆ ಕೊಡುತ್ತೇನೆ, ತಪ್ಪಿಸುವುದಿಲ್ಲ.

ಮೇಲ್ವಿಚಾರಕಿ ಕನ್ನಡಕ ಮತ್ತೆ ಏರಿಸಿಕೊಂಡು, ಒಂದೇ ಒಂದು ದಾರಿ ಇದೆ ಎಂದು ನನ್ನ ಕಡೆ ತಿರುಗಿದರು. ತರಬೇತಿ ಪಡೆದ ಇನ್ನೊಬ್ಬರು ಅದೇ ಹಾಲಿನಲ್ಲಿ ಜೊತೆಗೆ ಕುಳಿತುಕೊಳ್ಳುವುದಾದರೆ ಇವರನ್ನು ಮುಂದುವರಿಸಬಹುದು. ಮನೆಯವರೇ ಆದರೂ ಅಡ್ಡಿಯಿಲ್ಲ. ಪ್ರತಿ ಗುರುವಾರ. ಪೂರ್ತಿ ಮೂರು ಗಂಟೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ಯಾ ಮೆಲ್ಲಗೆ ನನ್ನ ಕಡೆ ಬಾಗಿದರು. "ನೀ ಹ್ಞೂಂ ಅನಬ್ಯಾಡ, ಹುಡುಗಿ. ನಿನಗ ಇರೂದ ಒಂದ ರಜಾ. ಕಾರಿನಾಗ ಕೂತು ಅರಿವಿ ಮಡಚೂದು ನಾ ಕಿಡಕಿಯಿಂದ ನೋಡೇನಿ."

ಒಂದು ವರ್ಷದಿಂದ ನೋಡಿದ್ದಾರೆ, ಒಂದು ಮಾತು ಆಡಿಲ್ಲ. ಏನು ಹೆಂಗಸಪ್ಪಾ!

ನಾನು ಆಗಲಿ ಎಂದೆ. ಹೃದಯ ತುಂಬಿ ಬಂದು ಹಾಗೆಂದೆ ಎಂದು ಬರೆದರೆ ಸುಳ್ಳಾದೀತು. ಹೃದಯ ಆಗಲೂ ಮಂಚದ ಮೇಲೆಯೇ ಇತ್ತು. ಬಾಯಿ ಅಂದುಬಿಟ್ಟಿತು. ಮೇಲ್ವಿಚಾರಕಿ ಬ್ಯಾಜನ್ನು ಮೇಜಿನ ಮೇಲೆ ಇತ್ತಲಾಗಿ ಸರಿಸಿದರು. ಅತ್ಯಾ ಅದನ್ನು ಕೂಡಲೇ ಎತ್ತಿಕೊಳ್ಳಲಿಲ್ಲ. ಮೊದಲು ಸೆರಗು ಸರಿಮಾಡಿಕೊಂಡು, ಆಮೇಲೆ ಎತ್ತಿ ಕೊರಳಿಗೆ ಹಾಕಿಕೊಂಡರು. ರಿಬ್ಬನ್ ಮುಡಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಟ್ಟೆ.

ತರಬೇತಿ ಎಂದು ಮೂರು ಶನಿವಾರ ಸಂಜೆ ಹೋದವು, ಕ್ಲಿನಿಕ್ ಮುಗಿಸಿಕೊಂಡು. ಚಿತ್ರದಿಂದ ಎಷ್ಟು ದೂರ ನಿಲ್ಲಬೇಕು, ಮಗು ಓಡಿ ಬಂದರೆ ಏನು ಮಾಡಬೇಕು, ಮುಟ್ಟಿದವರನ್ನು ಹೇಗೆ ನೋಯಿಸದೆ ತಡೆಯಬೇಕು. ಅತ್ಯಾ ಜೊತೆಗೆ ಬಂದು ಹಿಂದಿನ ಸಾಲಿನಲ್ಲಿ ಕೂತರು. ಪಾಠ ಹೇಳುವವರಿಗೆ ಹಲಗೆ ಬಳಸಲು ಬರುವುದಿಲ್ಲ ಎಂಬುದು ಅವರ ಒಟ್ಟಾರೆ ಅಭಿಪ್ರಾಯ.

ಕಳೆದ ಗುರುವಾರ ನನ್ನ ಮೊದಲ ದಿನ. ಬಾಗಿಲಲ್ಲೇ ನನಗೂ ಒಂದು ಬ್ಯಾಜು ಕೊಟ್ಟರು. ಕಣ್ಣು ಎಳೆಯುತ್ತಿತ್ತು, ನೋಡದೆ ಕೊರಳಿಗೆ ಹಾಕಿಕೊಂಡೆ. ಎರಡು ಕುರ್ಚಿಗಳನ್ನು ಅತ್ಯಾ ಓರೆಯಾಗಿ ಹಾಕಿದರು, ಸಾಹೇಬರಿಗೂ ಬೆನ್ನಾಗದ, ಬಂದವರಿಗೂ ಬೆನ್ನಾಗದ ಕೋನದಲ್ಲಿ. ಹಾಲಿನಲ್ಲಿ ಯಾರೂ ಇರಲಿಲ್ಲ. ನಾನು ಕುಳಿತೆ. ಅತ್ಯಾ ಕೂರಲಿಲ್ಲ. ಕನ್ನಡಕ ಏರಿಸಿ, ನನ್ನ ಬ್ಯಾಜನ್ನು ಕೈಯಲ್ಲಿ ಹಿಡಿದು ಹತ್ತಿರ ತಂದು, ತುಟಿ ಅಲುಗಿಸುತ್ತ ಓದಿದರು. ಇಪ್ಪತ್ತಾರು ವರ್ಷದಿಂದ ಈ ಮನೆತನದಲ್ಲಿ ನಾನು ಸೊಸೆ, ಅಮ್ಮ, ಹುಡುಗಿ. ಅಲ್ಲಿ ಬರೆದಿದ್ದದ್ದು ನನ್ನ ತಂದೆ ಇಟ್ಟ ಹೆಸರು.

ಆಮೇಲೆ ಅವರು ಸಾಹೇಬರ ಕಡೆ ತಿರುಗಿ, ಕೈ ಕಟ್ಟಿ, ಶಾಲೆಯ ಪ್ರಾರ್ಥನೆಯ ಸಾಲಿಗೆ ಕೇಳಿಸುವಂಥ ದನಿಯಲ್ಲಿ ನನ್ನ ಪೂರ್ತಿ ಹೆಸರನ್ನು ಒಂದಕ್ಷರ ಬಿಡದೆ ಹೇಳಿದರು. ಹೇಳಿ, "ಇವರು ನಮ್ಮ ಹೊಸಾ ಟೀಚರು. ಇವತ್ತಿಂದ ನಮ್ಮ ಸಾಲಿಗೆ ಬಂದಾರ," ಎಂದರು.

ನಾನು ಎದ್ದು ನಿಂತೆ.